ಬಿಯರ್ ಮುಟ್ಟದವಳು ಬಿಯರ್ ಮನೆಗೆ ಹೋದದ್ದು

ಮೊದಲೇ ಹೇಳಿಬಿಡುತ್ತೇನೆ. ನಾನು ಬಿಯರ್ ಕುಡಿಯುವುದಿಲ್ಲ. ಈ ವಯಸ್ಸಿನವರೆಗೂ ಒಂದು ಗುಟುಕು ಬಾಯಿಗೆ ಹಾಕಿದವಳಲ್ಲ. ಆದರೂ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಮಗಳ ಮನೆಗೆ ಹೋದಾಗ ಹಠ ಮಾಡಿ ನೋಡಿದ ಜಾಗ ಒಂದೇ. ಅದು ‘ಹೋಮ್ ಆಫ್ ಕಾರ್ಲ್ಸ್‌ಬರ್ಗ್’. ಮಗಳು ನಕ್ಕಳು. “ಅಮ್ಮಾ, ಅದು ಬಿಯರ್ ಫ್ಯಾಕ್ಟರಿ. ನಿನಗೇನು ಕೆಲಸ ಅಲ್ಲಿ?” ಅಂದಳು. ನಮ್ಮ ಮನೆಯವರು ಮಾತ್ರ ನಗಲಿಲ್ಲ. ಅಷ್ಟರಲ್ಲಾಗಲೇ ಶೂ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದರು.

ನನಗೆ ಅಲ್ಲಿ ಕೆಲಸ ಇತ್ತು. 31 ವರ್ಷ ಹಾಲಿನ ಡೇರಿಯ ಲ್ಯಾಬ್‌ನಲ್ಲಿ ದುಡಿದವಳು ನಾನು. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು, ನೀರು ಬೆರೆಸಿದ್ದಾರಾ ಇಲ್ಲವಾ, ದಿನಾ ಇದೇ. ಹಾಲಿನ ಪುಡಿಯಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಹಿಡಿಯುವುದಕ್ಕೆ ಒಂದು ಪರೀಕ್ಷೆ ಇದೆ. ನಾವೆಲ್ಲ ಅದಕ್ಕೆ ‘ಜೆಲ್ಡಾಲ್’ ಅನ್ನುತ್ತಿದ್ದೆವು. “ಜೆಲ್ಡಾಲ್ ಇಟ್ಟಿದ್ದೀರಾ?” “ಜೆಲ್ಡಾಲ್ ಆಯ್ತಾ ಮೇಡಂ?” ಹೀಗೆ. ಸಲ್ಫ್ಯೂರಿಕ್ ಆ್ಯಸಿಡ್ ಕುದಿಯುವ ಆ ಉದ್ದ ಕತ್ತಿನ ಫ್ಲಾಸ್ಕ್ ಮುಂದೆ ನಿಂತು ನಿಂತು ನನ್ನ ಎಷ್ಟೋ ಕಾಟನ್ ಸೀರೆಗಳು ತೂತು ಬಿದ್ದಿವೆ. ಜೆಲ್ಡಾಲ್ ಅಂದರೆ ಯಾವುದೋ ಯೂನಿವರ್ಸಿಟಿಯ ಪ್ರೊಫೆಸರ್ ಇರಬೇಕು ಅಂದುಕೊಂಡಿದ್ದೆ. ಅವರು ಬಿಯರ್ ಕಂಪನಿಯ ಲ್ಯಾಬ್‌ನಲ್ಲಿ ಸಂಬಳಕ್ಕಿದ್ದವರು ಅಂತ ಗೊತ್ತಾದದ್ದು ರಿಟೈರ್ ಆಗುವ ಹೊತ್ತಿಗೆ. ಹುಳಿ ಎಷ್ಟು ಅಂತ ಹೇಳುವ ಪಿಎಚ್ ಅನ್ನುವ ಅಳತೆ ಹುಟ್ಟಿದ್ದೂ ಅದೇ ಲ್ಯಾಬ್‌ನಲ್ಲಿ. ನನ್ನ ಅನ್ನಕ್ಕೆ ಅರ್ಧ ದಾರಿ ಮಾಡಿಕೊಟ್ಟದ್ದು ಈ ಬಿಯರ್ ಮನೆ. ಒಮ್ಮೆ ಹೋಗಿ ನೋಡಿ ಬರಬೇಕಾದ ಋಣ ಅದು, ಅಲ್ವಾ?

ಹೋಗುವುದು ಸುಲಭ. ಊರಿನ ಲೋಕಲ್ ರೈಲಿಗೆ ಅಲ್ಲಿ ಎಸ್-ಟೋಗ್ ಅನ್ನುತ್ತಾರೆ. ಅದರಲ್ಲಿ ಕಾರ್ಲ್ಸ್‌ಬರ್ಗ್ ಅಂತಲೇ ಒಂದು ಸ್ಟೇಷನ್ ಇದೆ. ಇಳಿದು ಸ್ವಲ್ಪ ನಡೆದರೆ ಆಯಿತು. ಟಿಕೆಟ್ ಎಷ್ಟು ಅಂತ ನನ್ನನ್ನು ಕೇಳಬೇಡಿ. ಮಗಳು ಫೋನಿನಲ್ಲೇ ತೆಗೆದಳು, ಬೆಲೆ ಹೇಳಲಿಲ್ಲ. ಹೇಳಿದರೆ ಅಮ್ಮ ಕ್ರೋನರ್‌ ಅನ್ನು ರೂಪಾಯಿಗೆ ತಿರುಗಿಸಿ ಅಲ್ಲೇ ಕೂತುಬಿಡುತ್ತಾಳೆ ಅಂತ ಅವಳಿಗೆ ಗೊತ್ತು. ಗಾಳಿ ಮಾತ್ರ ಜೋರು. ಸೆರಗು ಹಿಡಿಯಲಾ, ಬ್ಯಾಗ್ ಹಿಡಿಯಲಾ ಅನ್ನುವ ಹಾಗಾಯಿತು. ಸೀರೆ ಉಡುವವರು ಮೇಲೊಂದು ಕೋಟು ಹಾಕಿಕೊಂಡು ಹೋಗಿ.

ಒಳಗೆ ಹೋಗುವ ಮೊದಲು ಆನೆಗಳನ್ನು ನೋಡಲೇಬೇಕು. ಬೀದಿಗೆ ಅಡ್ಡಲಾಗಿ ಒಂದು ಗೋಪುರದ ಹೆಬ್ಬಾಗಿಲು. ಅದನ್ನು ಹೊತ್ತಿರುವುದು ನಾಲ್ಕು ಕಲ್ಲಾನೆಗಳು, ಪ್ರತಿ ಬದಿಗೆ ಎರಡೆರಡು. 1901ರಲ್ಲಿ ಕಟ್ಟಿದ್ದು. ವಿಲ್ಹೆಲ್ಮ್ ಡಾಲೆರುಪ್ ಅನ್ನುವವರು ಇದರ ಆರ್ಕಿಟೆಕ್ಟ್. ಬೋರ್ನ್‌ಹೋಮ್ ದ್ವೀಪದ ಗ್ರಾನೈಟ್. ಹತ್ತಿರ ಹೋದವಳು ಹಾಗೇ ನಿಂತುಬಿಟ್ಟೆ. ಆನೆಯ ಮೈಮೇಲೆ ಸ್ವಸ್ತಿಕ! ಯುರೋಪಿನ ನಟ್ಟನಡುವೆ, ಬೀದಿಯಲ್ಲಿ, ಎಲ್ಲರಿಗೂ ಕಾಣುವ ಹಾಗೆ. ನಮ್ಮ ಮನೆಯವರು “ಇದೇನೇ, ನಮ್ಮ ಕಡೆ ದೇವಸ್ಥಾನದ ಹಾಗಿದೆ” ಅಂದರು. ಇದು ನಾಜಿಗಳು ಹುಟ್ಟುವುದಕ್ಕೂ ಮೊದಲಿನದು. ಶುಭದ ಗುರುತು ಅಂತ ಕಂಪನಿ ತನ್ನ ಮುದ್ರೆ ಮಾಡಿಕೊಂಡಿತ್ತು. ಮುಂದೆ ಜರ್ಮನಿಯಲ್ಲಿ ಹಿಟ್ಲರ್ ಕಾಲ ಬಂದ ಮೇಲೆ ಬಳಕೆಯಿಂದ ತೆಗೆದುಹಾಕಿದರು. ಕಲ್ಲಿನಲ್ಲಿದ್ದದ್ದು ಹಾಗೇ ಉಳಿಯಿತು. ಅಳಿಸದೆ ಬಿಟ್ಟದ್ದು ಒಳ್ಳೆಯದೇ ಆಯಿತು ಅಂತ ನನಗನ್ನಿಸಿತು. ಇದನ್ನು ನೋಡುವುದಕ್ಕೆ ಟಿಕೆಟ್ ಬೇಡ. ಬಿಯರ್ ಅಂದರೆ ದೂರ ಓಡುವವರು ಕೂಡ ಆನೆ ನೋಡಿ ವಾಪಸ್ ಬರಬಹುದು.

ಈಗ ಒಳಗಿನ ಕಥೆ. ಕಂಪನಿ ಶುರು ಮಾಡಿದವರು ಜೆ.ಸಿ. ಯಾಕೋಬ್‌ಸನ್. ಹುಟ್ಟಿದ್ದು 1811. ಅಪ್ಪನೂ ಬಿಯರ್ ಮಾಡುವವರೇ. ಆದರೆ ಮಗನನ್ನು ಓರ್ಸ್ಟೆಡ್ ಅವರ ಉಪನ್ಯಾಸ ಕೇಳಲು ಕಳಿಸುತ್ತಿದ್ದರಂತೆ. ಕರೆಂಟ್ ಹರಿಯುವ ತಂತಿಯ ಪಕ್ಕ ದಿಕ್ಸೂಚಿಯ ಮುಳ್ಳು ಅಲ್ಲಾಡುತ್ತದೆ ಅಂತ ತೋರಿಸಿದ ಓರ್ಸ್ಟೆಡ್. ಹೈಸ್ಕೂಲಿನಲ್ಲಿ ಎಲ್ಲರೂ ಓದಿರುತ್ತೀರಿ. ಬಿಯರ್ ಮಾಡುವವನ ಮಗ ಪಾಠ ಕೇಳಿದ್ದು ಅಂಥವರ ಹತ್ತಿರ.

ಆಗ ಆ ಊರಿನಲ್ಲಿ ಸಿಗುತ್ತಿದ್ದ ಬಿಯರ್ ಬೇಗ ಹುಳಿಯಾಗುತ್ತಿತ್ತು. ಒಂದು ದಿನದ ರುಚಿ ಇನ್ನೊಂದು ದಿನ ಇರುತ್ತಿರಲಿಲ್ಲ. ಜರ್ಮನಿಯ ಬವೇರಿಯಾ ಕಡೆಯವರು ಲಾಗರ್ ಮಾಡುತ್ತಿದ್ದರು. ತಂಪಾದ ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ಇಟ್ಟು ಹದ ಮಾಡುವ ಬಿಯರ್ ಅದು. ಅದಕ್ಕೆ ಬೇರೆ ಯೀಸ್ಟ್ (ಬಿಯರನ್ನು ಹುದುಗಿಸುವ ಸೂಕ್ಷ್ಮಜೀವಿ) ಬೇಕು, ಚಳಿಯಲ್ಲಿ ಕೆಲಸ ಮಾಡಿ ಕೊನೆಗೆ ತಳಕ್ಕೆ ಕೂರುವಂಥದ್ದು. ಯಾಕೋಬ್‌ಸನ್ 1845ರಲ್ಲಿ ಮ್ಯೂನಿಕ್‌ಗೆ ಹೋಗಿ ಸ್ಪಾಟನ್ ಬ್ರೂವರಿಯ (ಬಿಯರ್ ಕಾರ್ಖಾನೆಯ) ಗೇಬ್ರಿಯಲ್ ಸೆಡ್ಲ್‌ಮೇಯರ್ ಹತ್ತಿರ ಆ ಯೀಸ್ಟ್ ಪಡೆದು ತಂದರು. ಕುದುರೆ ಗಾಡಿಯ ಪ್ರಯಾಣ. ಗಾಡಿ ನಿಂತ ಕಡೆಯೆಲ್ಲ ಇಳಿದು, ಯೀಸ್ಟ್ ಪಾತ್ರೆಗೆ ತಣ್ಣೀರು ಸುರಿದು ತಂಪು ಮಾಡುತ್ತಾ ತಂದರು ಅಂತ ಕಂಪನಿಯವರು ಇವತ್ತಿಗೂ ಹೇಳುವ ಕಥೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಹೆಪ್ಪು. ಮನೆಯಲ್ಲಿ ಹೆಪ್ಪು ಮುಗಿದರೆ ಪಕ್ಕದ ಮನೆಗೆ ಲೋಟ ಹಿಡಿದು ಹೋಗುತ್ತೇವಲ್ಲ, ಹಾಗೆ. ಇವರು ಲೋಟ ಹಿಡಿದು ಪಕ್ಕದ ದೇಶಕ್ಕೇ ಹೋಗಿದ್ದರು. ಹಾಲು ಎಷ್ಟೇ ಚೆನ್ನಾಗಿರಲಿ, ಹೆಪ್ಪು ಕೆಟ್ಟರೆ ಮೊಸರು ಕೆಟ್ಟ ಹಾಗೇ. ಬಿಯರ್ ಲೆಕ್ಕವೂ ಅಷ್ಟೇ. ಈ ಕಂಪನಿಯ ಮುಂದಿನ ಕಥೆ ಪೂರ್ತಿ ಈ ಹೆಪ್ಪಿನ ಸುತ್ತಲೇ ತಿರುಗುತ್ತದೆ.

1847ರ ನವೆಂಬರ್‌ನಲ್ಲಿ ಊರ ಹೊರಗಿನ ವಾಲ್ಬಿ ಗುಡ್ಡದ ಮೇಲೆ ಹೊಸ ಬ್ರೂವರಿ ಶುರುವಾಯಿತು. ಡೆನ್ಮಾರ್ಕಿನಲ್ಲಿ ಕೋಪನ್‌ಹೇಗನ್‌ನಿಂದ ರೋಸ್ಕಿಲ್ಡೆಗೆ ಮೊದಲ ರೈಲು ಓಡಿದ್ದೂ ಅದೇ ವರ್ಷ. ಬೆರ್ಗ್ ಅಂದರೆ ಗುಡ್ಡ. ಐದು ವರ್ಷದ ಮಗನ ಹೆಸರು ಕಾರ್ಲ್. ಎರಡೂ ಸೇರಿಸಿ ಕಾರ್ಲ್ಸ್‌ಬರ್ಗ್. ಕಾರ್ಲನ ಗುಡ್ಡ ಅನ್ನಿ. ಹೋಮ್ ಆಫ್ ಕಾರ್ಲ್ಸ್‌ಬರ್ಗ್ ಇರುವುದು ಈ ಹಳೆಯ ಕಟ್ಟಡಗಳಲ್ಲೇ.

ಮಗನ ಹೆಸರಿಟ್ಟು ಕಟ್ಟಿದ ಕಂಪನಿಯಲ್ಲಿ ಅಪ್ಪ-ಮಗ ಕಿತ್ತಾಡಿದ್ದು ನೋಡಬೇಕು ನೀವು. ಇಡೀ ಪ್ರದರ್ಶನದಲ್ಲಿ ನಮ್ಮ ಮನೆಯವರು ಬಾಯಿಬಿಟ್ಟು ಓದಿದ್ದು ಇದೊಂದೇ ಭಾಗ. ಅಪ್ಪ ಮಗನನ್ನು ವರ್ಷಗಟ್ಟಲೆ ಬೇರೆ ದೇಶಗಳಿಗೆ ಕಳಿಸಿ ಕೆಲಸ ಕಲಿಸಿದರು. ವಾಪಸ್ ಬಂದವನಿಗೆ 1871ರಲ್ಲಿ ಪಕ್ಕದಲ್ಲೇ ಒಂದು ಬ್ರೂವರಿ ವಹಿಸಿಕೊಟ್ಟರು. ಮಗ ಬೇಗ ಬೇಗ ಮಾಡಿ ಜಾಸ್ತಿ ಮಾರತೊಡಗಿದ. ಅಪ್ಪನಿಗೆ ಸಿಟ್ಟು. ಬಿಯರ್ ಹದವಾಗಲು ಎಷ್ಟು ದಿನ ಬೇಕೋ ಅಷ್ಟು ಬಿಡಬೇಕು ಅನ್ನುವವರು ಅವರು. ಜಗಳ ಹೆಸರಿಗೂ ಬಂತು. ಕೊನೆಗೆ ಮಗ 1882ರಲ್ಲಿ ತನ್ನದೇ ಬ್ರೂವರಿ ಮಾಡಿಕೊಂಡ. ಅಪ್ಪನದು ಗಾಮ್ಲೆ ಕಾರ್ಲ್ಸ್‌ಬರ್ಗ್, ಮಗನದು ನ್ಯು ಕಾರ್ಲ್ಸ್‌ಬರ್ಗ್. ಹಳೇದು, ಹೊಸದು. ಒಂದೇ ಗೋಡೆಗೆ ಆತುಕೊಂಡ ಹಳೇಮನೆ ಹೊಸಮನೆಯವರ ಹಾಗೆ. ನಡುವಿನ ದಾರಿಯ ಹೆಸರಿಗೂ ಹೊಡೆದಾಟ. ಅಪ್ಪ ಅದಕ್ಕೆ ಅಲಯನ್ಸ್ ರಸ್ತೆ ಅಂದರು, ಮಗ ಪಾಶ್ಚರ್ ರಸ್ತೆ ಅಂದ. ಇಬ್ಬರೂ ತಮ್ಮ ತಮ್ಮ ಬೋರ್ಡು ಹಾಕಿದರು! ಆಸ್ತಿ ಇದ್ದ ಕಡೆ ಎಲ್ಲ ದೇಶದಲ್ಲೂ ಇದೇ ರಾಮಾಯಣ. 1887ರಲ್ಲಿ ಅಪ್ಪ ರೋಮ್‌ನಲ್ಲಿ ತೀರಿಕೊಳ್ಳುವ ಮೊದಲು ರಾಜಿಯಾಗಿದ್ದರು ಅನ್ನುವುದೇ ಸಮಾಧಾನ.

ಆನೆ ಬಾಗಿಲು ಕಟ್ಟಿಸಿದ್ದು ಈ ಮಗನೇ. ಒಂದೊಂದು ಆನೆಯ ಮೇಲೂ ತನ್ನ ಒಂದೊಂದು ಮಗುವಿನ ಹೆಸರಿನ ಮೊದಲ ಅಕ್ಷರ ಕೆತ್ತಿಸಿದ್ದಾನೆ. ಸಮುದ್ರದ ಬಂಡೆ ಮೇಲೆ ಕೂತ ಆ ಮತ್ಸ್ಯಕನ್ಯೆ ಇದ್ದಾಳಲ್ಲ, ಕೋಪನ್‌ಹೇಗನ್‌ಗೆ ಹೋದವರೆಲ್ಲ ಫೋಟೊ ತೆಗೆಸಿಕೊಳ್ಳುವವಳು, ಅವಳನ್ನು ಮಾಡಿಸಿ ಊರಿಗೆ ಕೊಟ್ಟವನೂ ಇವನೇ. ಒಂದು ಬ್ಯಾಲೆ ನೋಡಿ ಮನಸೋತು, ಎಡ್ವರ್ಡ್ ಎರಿಕ್ಸನ್ ಅನ್ನುವ ಶಿಲ್ಪಿಯಿಂದ ಮಾಡಿಸಿದ. 1913ರಲ್ಲಿ ಕೂರಿಸಿದರು. ಹಿಂದಿನ ದಿನ ನೋಡಿ “ಇಷ್ಟೇನಾ, ಇಷ್ಟು ಚಿಕ್ಕದಾ” ಅಂದಿದ್ದೆ. ಬಿಯರ್ ದುಡ್ಡಿನದು ಅಂತ ಗೊತ್ತಿರಲಿಲ್ಲ.

ಈಗ ನಾನು ಹೋದ ಕೆಲಸಕ್ಕೆ ಬರುತ್ತೇನೆ. ಅಪ್ಪ ಯಾಕೋಬ್‌ಸನ್ 1875ರಲ್ಲಿ ಕಾರ್ಲ್ಸ್‌ಬರ್ಗ್ ಲ್ಯಾಬೊರೇಟರಿ ಶುರು ಮಾಡಿದರು. ಮರುವರ್ಷ ಕಾರ್ಲ್ಸ್‌ಬರ್ಗ್ ಫೌಂಡೇಶನ್ ಕಟ್ಟಿ ಅದರ ಕೈಗೆ ಲ್ಯಾಬ್ ಕೊಟ್ಟರು. ಕರಾರು ಒಂದು: ಇಲ್ಲಿ ಸಿಕ್ಕ ವಿಜ್ಞಾನದ ವಿಷಯ ಯಾವುದನ್ನೂ ಗುಟ್ಟಾಗಿ ಇಡಬಾರದು, ಎಲ್ಲ ಪ್ರಕಟಿಸಬೇಕು. ವ್ಯಾಪಾರಿಯ ಬಾಯಲ್ಲಿ ಈ ಮಾತು! ನಾನು ಕೆಲಸ ಮಾಡಿದ ಕಾಲದಲ್ಲಿ ಒಂದು ರಿಪೋರ್ಟ್ ಪಕ್ಕದ ಸೆಕ್ಷನ್‌ಗೆ ತೋರಿಸುವುದಕ್ಕೂ ಮೂರು ಸಹಿ ಬೇಕಿತ್ತು.

ಅಲ್ಲಿಗೆ ಬಂದವರು ಎಮಿಲ್ ಕ್ರಿಸ್ಟಿಯನ್ ಹ್ಯಾನ್ಸನ್. ಮೊದಲು ಮನೆಗಳಿಗೆ ಬಣ್ಣ ಬಳಿಯುವ ಕೆಲಸ ಮಾಡುತ್ತಿದ್ದವರು. ಬ್ರೂವರಿಯಲ್ಲಿ ಬಿಯರ್ ಕೆಡತೊಡಗಿದಾಗ, ಒಳ್ಳೆಯ ಯೀಸ್ಟ್ ಜೊತೆ ಕಾಡು ಯೀಸ್ಟ್ ಬೆರೆತಿದೆ ಅಂತ ಇವರು ಕಂಡುಹಿಡಿದರು. ಒಂದೇ ಒಂದು ಜೀವಕೋಶವನ್ನು ಬೇರೆ ಮಾಡಿ, ಅದರಿಂದಲೇ ಪೂರ್ತಿ ಹೆಪ್ಪು ಬೆಳೆಸುವ ದಾರಿ ಮಾಡಿದರು. 1883ರ ನವೆಂಬರ್‌ನಲ್ಲಿ ಆ ಶುದ್ಧ ಯೀಸ್ಟ್ ಹಾಕಿ ಬಿಯರ್ ಮಾಡಿದರು. ಆಮೇಲೆ? ಕೀಲಿ ಹಾಕಿ ಇಟ್ಟುಕೊಳ್ಳಬಹುದಿತ್ತು. ಯಾಕೋಬ್‌ಸನ್ ಬೇರೆ ಬ್ರೂವರಿಗಳಿಗೆ ಹಂಚಿದರು. ಪೈಪೋಟಿಯವರಿಗೂ. ತಾನೂ ಒಂದು ಕಾಲಕ್ಕೆ ಮ್ಯೂನಿಕ್‌ನಿಂದ ಕೇಳಿ ತಂದವನೇ ಅಲ್ವಾ. ಇವತ್ತು ಜಗತ್ತಿನಲ್ಲಿ ಕುಡಿಯುವ ಲಾಗರ್ ಹಿಂದೆಲ್ಲ ಈ ಶುದ್ಧ ಯೀಸ್ಟಿನ ವಿದ್ಯೆ ಇದೆ. ಆ ಯೀಸ್ಟಿಗೆ ಸ್ಯಾಕರೋಮೈಸಿಸ್ ಕಾರ್ಲ್ಸ್‌ಬರ್ಗೆನ್ಸಿಸ್ ಅಂತಲೇ ಹೆಸರು ಬಂತು. ನಾನು ಓದುವಾಗ ಆ ಹೆಸರು ಬಾಯಿಪಾಠ ಮಾಡಿದ್ದೆ. ಈಗ ಪಾಸ್ಟೋರಿಯಾನಸ್ ಅನ್ನುತ್ತಾರೆ.

ಇನ್ನೊಂದು ಚಂದದ ಸುದ್ದಿ ಇದೆ. ನೆಲಮಾಳಿಗೆಯಲ್ಲಿ 1883ರ ಕಾಲದ ಸೀಸೆ ಸಿಕ್ಕಿ, ಅದರಲ್ಲಿದ್ದ ಯೀಸ್ಟ್‌ಗೆ ಇನ್ನೂ ಜೀವ ಇತ್ತಂತೆ. 2016ರಲ್ಲಿ ಅದೇ ಯೀಸ್ಟಿನಿಂದ ಮತ್ತೆ ಬಿಯರ್ ಮಾಡಿದರು. ಫ್ರಿಜ್ಜಿನಲ್ಲಿ ಒಂದು ವಾರ ಮರೆತ ಹೆಪ್ಪನ್ನೇ ನಾನು ಅನುಮಾನದಿಂದ ಮೂಸುತ್ತೇನೆ.

ಅದೇ 1883ರಲ್ಲೇ ನಮ್ಮ ಜೆಲ್ಡಾಲ್ ಅವರ ಪರೀಕ್ಷೆ ಬಂದದ್ದು. ಪೂರ್ತಿ ಹೆಸರು ಯೋಹಾನ್ ಜೆಲ್ಡಾಲ್. ಡ್ಯಾನಿಶ್‌ನವರ ಬಾಯಲ್ಲಿ ಕೆಲ್‌ಡೇಲ್ ಥರ ಏನೋ ಕೇಳಿಸುತ್ತದೆ. 31 ವರ್ಷ ತಪ್ಪು ಹೆಸರಿನಿಂದ ಕರೆದಿದ್ದೇನೆ, ಕ್ಷಮಿಸಲಿ. ಬಾರ್ಲಿಯಲ್ಲಿ ಪ್ರೋಟೀನ್ ಎಷ್ಟಿದೆ ಅನ್ನುವುದರ ಮೇಲೆ ಬಿಯರ್ ಗುಣ ನಿಲ್ಲುತ್ತದೆ. ಅದನ್ನು ಅಳೆಯುವುದಕ್ಕೆ ಇವರು ಮಾಡಿದ ಉಪಾಯ ಸರಳ. ಕಾಳನ್ನು ಕಡು ಆ್ಯಸಿಡ್‌ನಲ್ಲಿ ಕುದಿಸು. ಕ್ಷಾರ ಹಾಕಿ ಅಮೋನಿಯಾ ಎಬ್ಬಿಸು. ಅದನ್ನು ಹಿಡಿದು ಟೈಟ್ರೇಟ್ ಮಾಡು, ಅಂದರೆ ಎಷ್ಟಿದೆ ಅಂತ ಹನಿ ಹನಿ ಲೆಕ್ಕದಲ್ಲಿ ಅಳೆ. ಸಿಕ್ಕ ನೈಟ್ರೋಜನ್ ಅನ್ನು ಒಂದು ಸಂಖ್ಯೆಯಿಂದ ಗುಣಿಸು, ಪ್ರೋಟೀನ್ ಬಂತು. ಹಾಲಿಗೆ ಆ ಸಂಖ್ಯೆ 6.38. ನನ್ನ ಫೋನ್ ನಂಬರ್ ಮರೆತರೂ ಇದು ಮರೆಯುವುದಿಲ್ಲ.

ಈ ಪರೀಕ್ಷೆಗೆ ಒಂದು ಕುರುಡು ಕಣ್ಣೂ ಇದೆ. ನೈಟ್ರೋಜನ್ ಎಲ್ಲಿಂದ ಬಂತು ಅಂತ ಅದು ಕೇಳುವುದಿಲ್ಲ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮಿನ್ ಅನ್ನುವ ನೈಟ್ರೋಜನ್ ತುಂಬಿದ ರಾಸಾಯನಿಕ ಹಾಕಿ ಪ್ರೋಟೀನ್ ಇದ್ದ ಹಾಗೆ ತೋರಿಸಿದ್ದು ಇದೇ ಸಂದಿಯಲ್ಲಿ. ಮಕ್ಕಳು ಸತ್ತರು. ಆ ವರ್ಷ ನಮ್ಮ ಲ್ಯಾಬ್‌ನಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ತಪ್ಪು ಜೆಲ್ಡಾಲ್ ಅವರದಲ್ಲ ಬಿಡಿ. ಅವರು ಕಾಳು ಅಳೆಯುವುದಕ್ಕೆ ಮಾಡಿದ್ದು, ಕಳ್ಳರನ್ನು ಹಿಡಿಯುವುದಕ್ಕಲ್ಲ.

ಜೆಲ್ಡಾಲ್ ನಂತರ ಆ ವಿಭಾಗಕ್ಕೆ ಬಂದವರು ಎಸ್.ಪಿ.ಎಲ್. ಸೊರೆನ್‌ಸನ್. 1909ರಲ್ಲಿ ಪಿಎಚ್ ಅಳತೆ ಕೊಟ್ಟರು. ಅದಕ್ಕೂ ಮೊದಲು ಹುಳಿ ಎಷ್ಟು ಅಂತ ಹೇಳಬೇಕಾದರೆ ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಅಂತ ಸಾಲು ಬರೆಯಬೇಕಿತ್ತು. ಅವರು ಅದನ್ನು ಒಂದು ಪುಟ್ಟ ಅಂಕಿ ಮಾಡಿಕೊಟ್ಟರು. ಅವರ ಹೆಂಡತಿ ಮಾರ್ಗ್ರೆಥೆಯೂ ಲ್ಯಾಬ್‌ನಲ್ಲಿ ಜೊತೆಗೆ ಕೆಲಸ ಮಾಡಿದವರು. ಅವರ ಹೆಸರು ಪಠ್ಯದಲ್ಲಿ ನಾನು ಓದಿದ ನೆನಪಿಲ್ಲ. ಈ ಭಾಗದಲ್ಲಿ ನಾನು ಎಷ್ಟು ಹೊತ್ತು ನಿಂತೆನೋ, ಮಗಳು ಎರಡು ಸಲ ಬಂದು ಕೈ ಹಿಡಿದು ಎಳೆದಳು.

ಬ್ರೂವರಿ ಆಮೇಲೆ ಫೌಂಡೇಶನ್ ಪಾಲಾಯಿತು. ಅಪ್ಪ ಉಯಿಲಿನಲ್ಲಿ ಬರೆದುಕೊಟ್ಟದ್ದು ಅವರು ಸತ್ತ ಮರುವರ್ಷ ಬಂತು. ಮಗ 1902ರಲ್ಲಿ ತನ್ನದನ್ನೂ ಕೊಟ್ಟ. 1906ರಲ್ಲಿ ಹಳೇದು ಹೊಸದು ಒಂದಾದವು. ಇವತ್ತಿಗೂ ಕಂಪನಿಯ ಹೆಚ್ಚಿನ ವೋಟು ಫೌಂಡೇಶನ್ ಕೈಯಲ್ಲೇ ಇದೆ. ಲಾಭದ ಪಾಲು ಸಂಶೋಧನೆಗೆ ಹೋಗುತ್ತದೆ. ಯಾಕೋಬ್‌ಸನ್ ಇದ್ದ ಮನೆಯನ್ನು ದೇಶದ ಒಬ್ಬ ದೊಡ್ಡ ವಿದ್ವಾಂಸರಿಗೆ ಇರಲು ಕೊಡುತ್ತಿದ್ದರು. ಅಣು ವಿಜ್ಞಾನಿ ನೀಲ್ಸ್ ಬೋರ್ 1930ರ ದಶಕದಿಂದ ಕೊನೆಯವರೆಗೂ ಅಲ್ಲೇ ಇದ್ದರು. ಅವರ ಮನೆ ನಲ್ಲಿಯಲ್ಲಿ ನೇರ ಬಿಯರ್ ಬರುತ್ತಿತ್ತು ಅಂತ ಒಂದು ಕಥೆ ವಾಟ್ಸಾಪ್‌ನಲ್ಲಿ ಸುತ್ತುತ್ತದಲ್ಲ, ಅದು ಸುಮ್ನೆ ಯಾರೋ ಕಟ್ಟಿದ್ದು.

ವ್ಯಾಪಾರ ಬೆಳೆದ ಕಥೆ ನನಗೆ ಅಷ್ಟು ರುಚಿಸಲಿಲ್ಲ. ಚುಟುಕಾಗಿ ಹೇಳುತ್ತೇನೆ. 1868ರಲ್ಲಿ ಮೊದಲ ಸಲ ಹೊರದೇಶಕ್ಕೆ, ಸ್ಕಾಟ್ಲೆಂಡಿಗೆ, ಕಳಿಸಿದರು. ಸರಿಯಾಗಿ 100 ವರ್ಷಕ್ಕೆ, 1968ರಲ್ಲಿ, ಹೊರದೇಶದಲ್ಲಿ ತಮ್ಮ ಮೊದಲ ಬ್ರೂವರಿ ಮಾಡಿದ್ದು ಆಫ್ರಿಕಾದ ಮಲಾವಿಯಲ್ಲಿ. ಲಂಡನ್ ಅಲ್ಲ, ಪ್ಯಾರಿಸ್ ಅಲ್ಲ, ಬ್ಲಾಂಟೈರ್! ಅಲ್ಲಿನವರು ಕಾರ್ಲ್ಸ್‌ಬರ್ಗ್‌ಗೆ ಅದರ ಲೇಬಲ್ ಬಣ್ಣದಿಂದ ‘ಗ್ರೀನ್’ ಅಂತಲೇ ಹೆಸರಿಟ್ಟರು. ಊರಿನ ಎದುರಾಳಿ ಟ್ಯೂಬೋರ್ಗ್ ಜೊತೆ 1903ರಲ್ಲೇ ಲಾಭ ಹಂಚಿಕೊಳ್ಳುವ ಒಪ್ಪಂದ ಆಗಿತ್ತು. 1970ರಲ್ಲಿ ಎರಡೂ ಒಂದೇ ಕಂಪನಿ ಆದವು. ಅಲ್ಲಿಂದ ಮುಂದೆ ಹೆಪ್ಪು ಹಂಚುವ ಕಾಲ ಮುಗಿದು, ಮನೆಗಳನ್ನೇ ಕೊಳ್ಳುವ ಕಾಲ ಬಂತು. 2008ರಲ್ಲಿ ಹೈನೆಕೆನ್ ಜೊತೆ ಸೇರಿ ಬ್ರಿಟನ್ನಿನ ಬಿಯರ್ ಕಂಪನಿ ಸ್ಕಾಟಿಶ್ ಆ್ಯಂಡ್ ನ್ಯೂಕ್ಯಾಸಲ್ ಅನ್ನು 780 ಕೋಟಿ ಪೌಂಡ್‌ಗೆ ಕೊಂಡು ಪಾಲು ಮಾಡಿಕೊಂಡರು. ಅದರಿಂದ ರಷ್ಯಾದ ಬಾಲ್ಟಿಕಾ ಬಿಯರ್ ಕಂಪನಿಯ ಹಿಡಿತ ಕೈಗೆ ಬಂತು. ಬಂದದ್ದು ಹಾಗೇ ಹೋಯಿತು. ಉಕ್ರೇನ್ ಯುದ್ಧದ ನಂತರ ಮಾರಿ ಹೊರಡುತ್ತೇವೆ ಅನ್ನುವಾಗ, 2023ರಲ್ಲಿ ರಷ್ಯಾ ಸರ್ಕಾರವೇ ಅದನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. 2024ರ ಕೊನೆಗೆ ಹೇಗೋ ಮಾರಿ ಕೈ ತೊಳೆದುಕೊಂಡರು.

ಅದೇ 2008ರಲ್ಲೇ ಇನ್ನೊಂದೂ ಆಯಿತು. ವಾಲ್ಬಿ ಗುಡ್ಡದ ದೊಡ್ಡ ಬ್ರೂವರಿ ನಿಂತಿತು. ಕೆಲಸವೆಲ್ಲ ದೇಶದ ಇನ್ನೊಂದು ಭಾಗದ ಫ್ರೆಡೆರಿಸಿಯಾ ಊರಿಗೆ ಹೋಯಿತು. ಈಗ ಆನೆಗಳ ಸುತ್ತ ಅಪಾರ್ಟ್‌ಮೆಂಟುಗಳು. ಹಾಗಾಗಿ ಬಿಸಿ ಬಿಸಿ ಹಬೆ, ಕುದಿಯುವ ಹಂಡೆ, ಲೈನಿನಲ್ಲಿ ಓಡುವ ಸೀಸೆ ನೋಡುತ್ತೇವೆ ಅಂತ ಹೋಗಬೇಡಿ. ಇದು ಮ್ಯೂಸಿಯಂ. ಸಾವಿರಾರು ಬಿಯರ್ ಸೀಸೆಗಳ ಸಂಗ್ರಹ ಇದೆ. ನನಗೆ ಎರಡು ನಿಮಿಷಕ್ಕೆ ಸಾಕಾಯಿತು, ನಮ್ಮ ಮನೆಯವರಿಗೆ ಇಪ್ಪತ್ತು ನಿಮಿಷವೂ ಸಾಲಲಿಲ್ಲ. ಗಾಡಿ ಎಳೆಯುತ್ತಿದ್ದ ಜಟ್‌ಲ್ಯಾಂಡ್ ತಳಿಯ ಕುದುರೆಗಳ ನೆನಪೂ ಇಲ್ಲಿದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಅವಕ್ಕೆ ಕುದುರೆ ಮತ್ತು ಆನೆ ಸಾಕು. ದೊಡ್ಡವರು ಎರಡು ಗಂಟೆ ಇಟ್ಟುಕೊಳ್ಳಿ. ಕೆಮಿಸ್ಟ್ರಿ ಓದಿದವರು ಮೂರು.

ಕೊನೆಗೆ ಬಾರ್. ನಮ್ಮ ಮನೆಯವರ ಮುಂದೆ ನೊರೆ ಬಂದ ಗ್ಲಾಸ್, ನನ್ನ ಮುಂದೆ ಕಿತ್ತಳೆ ಬಣ್ಣದ ಸೋಡಾ. ಅವರು ಗ್ಲಾಸ್ ಎತ್ತುವಾಗ “ಒಂದು ನಿಮಿಷ” ಅಂದೆ. ಪರ್ಸಿನಲ್ಲಿ ಹಳೆಯ ಪಿಎಚ್ ಪೇಪರ್ ಪುಸ್ತಕ ಇತ್ತು. ಲ್ಯಾಬ್ ಬಿಟ್ಟು ಬರುವಾಗ ನೆನಪಿಗೆ ಇಟ್ಟುಕೊಂಡದ್ದು, ಬೇಕಂತಲೇ ತಂದಿದ್ದೆ. ಒಂದು ಚೂರು ಹರಿದು ಬಿಯರ್‌ಗೆ ಅದ್ದಿದೆ. ಪಕ್ಕದ ಟೇಬಲ್‌ನವರು ತಿರುಗಿ ನೋಡಿದರು. ಮಗಳು ಮುಖ ಮುಚ್ಚಿಕೊಂಡಳು. ಬಣ್ಣ ನಾಲ್ಕಕ್ಕೂ ಐದಕ್ಕೂ ನಡುವೆ ಬಂತು. ಸರಿಯಾಗಿಯೇ ಇತ್ತು.

“ಈಗ ಕುಡಿಯಬಹುದಾ ಮೇಡಂ?” ಅಂದರು ನಮ್ಮವರು.

“ಕುಡೀರಿ” ಅಂದೆ.